ಹಾಲಿನ ಬಟ್ಟಲಿಗೆ ನಕ್ಕವರು

ಕೊರಟಗೆರೆ, ೬ ಜನವರಿ ೧೯೩೭, ಬುಧವಾರ

ಮಾತಾಡುವ ಪೆಟ್ಟಿಗೆ ಇವತ್ತು ಬಂತು. ಎರಡು ಗಾಡಿ ಸಾಮಾನು. ಒಂದರಲ್ಲಿ ಎಣ್ಣೆ ಎಂಜಿನ್ನು. ಇನ್ನೊಂದರಲ್ಲಿ ಹುಲ್ಲಿನ ನಡುವೆ, ಕೋಳಿ ಕಾವಿಗೆ ಇಟ್ಟ ಮೊಟ್ಟೆಯ ಹಾಗೆ, ಆ ಪೆಟ್ಟಿಗೆ. ಅದನ್ನು ತಬ್ಬಿಕೊಂಡು ಕುಳಿತಿದ್ದವನ ಹೆಸರು ಖಲೀಲುಲ್ಲಾ. ಶಿರಾದವನು, ಬೆಂಗಳೂರಿನ ಗ್ರಾಮಫೋನು ಅಂಗಡಿಯೊಂದರಲ್ಲಿ ತಿರುಪು ತಿರುಗಿಸುವುದು ಕಲಿತವನು. ಇಸ್ತ್ರಿ ಮಾಡಿದ ಕಾಲರು, ಎಣ್ಣೆ ಹಾಕಿ ಬಾಚಿದ ತಲೆ. ತೂಕ ಹಾಕಿದರೆ ಅಂಗಿಯೇ ಹೆಚ್ಚು, ಆಳು ಕಡಿಮೆ.

ಸಾಹುಕಾರ ವೀರಭದ್ರಯ್ಯನವರು ಪೆಟ್ಟಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಅವರ ಸಿನಿಮಾ ಟೆಂಟಿನಲ್ಲಿ ಎಂಟು ವರ್ಷ ಈ ಗಂಟಲು ಕೂಗಿದೆ. ಇದಕ್ಕೆ ಒಂದು ದಿನವೂ ಯಾರೂ ಕಾಯಿ ಒಡೆದಿಲ್ಲ.

ಮೂಕಿ ಚಿತ್ರದವರು ಬೊಂಬಾಯಿಯಿಂದ ಬೊಂಬೆ ಕಳಿಸುತ್ತಿದ್ದರು, ಅಷ್ಟೆ. ಪರದೆಯ ಎಡಗಡೆ ಮಣೆಯ ಮೇಲೆ ನಿಂತು, ತಗಡಿನ ತುತ್ತೂರಿ ಹಿಡಿದು, ಇವಳು ಯಾರು, ಯಾಕೆ ಅಳುತ್ತಾಳೆ, ಅವನು ಯಾಕೆ ಕತ್ತಿ ಹಿರಿದ ಎಂದು ಹೇಳಿದವನು ಈ ಬಸವಲಿಂಗಯ್ಯ. ಮಧುಗಿರಿಯ ಹುಣಸೆಮಂಡಿಯಲ್ಲಿ ಹರಾಜು ಕೂಗಿ ಬೆಳೆದವನು ನಾನು. ಬೀಜ ತುಂಬಿದ ಹಣ್ಣನ್ನೂ ಬೀಜ ತೆಗೆದ ‘ಹೂವು’ ಎಂದು ಮಾರಿದ್ದೇನೆ. ಬೊಂಬೆಗೆ ಪ್ರಾಣ ತುಂಬುವುದು ದೊಡ್ಡ ಮಾತೇ?

೯ ಜನವರಿ, ಶನಿವಾರ

ಹಾರ್ಮೋನಿಯಂ ಅಡವಯ್ಯನನ್ನು ಇವತ್ತು ಕಳಿಸಿಬಿಟ್ಟರು. ಕೈಚೀಲಕ್ಕೆ ಪಂಚೆ ತುರುಕುತ್ತಾ ನನ್ನ ಕಡೆ ನೋಡಿದ.

“ಒಂದ್ ಮಾತು ಹೇಳು ಬಸವಲಿಂಗಣ್ಣ. ಸಾವ್ಕಾರ್ರು ನಿನ್ ಮಾತು ಕೇಳ್ತಾರೆ.”

“ಪೆಟ್ಟಿಗೇಲೇ ಹಾರ್ಮೋನಿಯಂ ಐತಂತಲ್ಲಪ್ಪ” ಎಂದೆ.

“ಪೆಟ್ಟಿಗೇಲಿ ಬಾಯೂ ಐತೆ ಕಣಣ್ಣೋ” ಎಂದು ನಕ್ಕು ಹೊರಟುಹೋದ.

ಆ ನಗು ನನಗೆ ಹಿಡಿಸಲಿಲ್ಲ. ಸಂಜೆ ಸಾಹುಕಾರರ ಮುಂದೆ ನಿಂತೆ, ಅಡವಯ್ಯನಿಗಾಗಿ ಅಲ್ಲ.

“ಬುದ್ಧಿ, ಪೆಟ್ಟಿಗೆ ಆಡೋದು ಹಿಂದೂಸ್ತಾನಿ. ಕೊರಟಗೇರೀಲಿ ಹಿಂದೂಸ್ತಾನಿ ಬಲ್ಲೋರು ಯಾರವ್ರೆ? ಅಮಲ್ದಾರ್ರು, ಅವರ ಕುದುರೆ.”

ಸಾಹುಕಾರರು ಹಲ್ಲುಕಡ್ಡಿ ತೆಗೆದು ಯೋಚಿಸಿದರು. ಬೊಂಬಾಯಿಯವರು ತಮ್ಮ ಭಾಷೆಯಲ್ಲಿ ತೆಗೆಯುತ್ತಾರೆ, ಮದರಾಸಿನವರು ತಮ್ಮದರಲ್ಲಿ. ಕನ್ನಡದ ಟಾಕಿ ಎಣಿಸಲು ಎರಡು ಕೈ ಬೇಡವಂತೆ. ಮಹಾರಾಜರ ಸೀಮೆಯಲ್ಲಿ, ನಮ್ಮದೇ ಟೆಂಟಿನಲ್ಲಿ, ನಮ್ಮ ಜನ ಪರರ ಜಗುಲಿಯಲ್ಲಿ ಕುಳಿತ ಹಾಗೆ ಪಿಳಿಪಿಳಿ ನೋಡಬೇಕು. ಇದೆಲ್ಲ ಅವರಿಗೂ ಗೊತ್ತು.

“ಸರಿ, ಪೆಟ್ಟಿಗೆ ಮೇಲೇ ನೀನೂ ಹೇಳು. ಮಧುಗಿರಿ ಕ್ಯಾಂಪು ಮುಗೀಲಿ. ಆಮೇಲೆ ನಿನ್ ಮಣೆ ಇರ್ತದೋ ಇಲ್ವೋ ನೋಡನ.”

ಅಂದರೆ ಇನ್ನು ಮೂರು ಊರು: ಪಾವಗಡ, ಶಿರಾ, ಮಧುಗಿರಿ. ಪೆಟ್ಟಿಗೆ ಉಳಿಯುತ್ತದೋ ನಾನು ಉಳಿಯುತ್ತೇನೋ, ಅಷ್ಟರಲ್ಲಿ ತೀರ್ಮಾನ.

೧೪ ಜನವರಿ, ಗುರುವಾರ, ಸಂಕ್ರಾಂತಿ

ಮೊದಲ ಟಾಕಿ ಆಟ. ಎಳ್ಳುಬೆಲ್ಲ ಮೆಲ್ಲುತ್ತಲೇ ಬಂದ ಜನ ಮರಳಿನ ಮೇಲೆ ಕಿಕ್ಕಿರಿದು ಕುಳಿತಿತ್ತು. ಪರದೆಯ ಹಿಂದೆ ಇಟ್ಟ ಪೆಟ್ಟಿಗೆಯ ತುತ್ತೂರಿ ಗೊರ್ ಎಂದು ಮಾತಾಡಿದಾಗ ಮುಂದಿನ ಸಾಲಿನ ಒಬ್ಬ ಎದ್ದು ಪರದೆ ಎತ್ತಿ ಹಿಂದೆ ಯಾರಿದ್ದಾರೆಂದು ನೋಡಿ ಬಂದ.

ನಾನು ಶುರುಮಾಡಿದೆ. ಖಲೀಲ ತಿರುಪು ಏರಿಸಿದ. ನಾನೂ ಏರಿದೆ. ಅವನೂ ಏರಿದ. ಮೊದಲ ರೀಲು ಮುಗಿಯುವಷ್ಟರಲ್ಲಿ ಹರಾಜಿನ ಕಟ್ಟೆಯಲ್ಲಿ ಇಬ್ಬರು ದಲ್ಲಾಳಿಗಳು ಒಂದೇ ಮೂಟೆಗೆ ಕೂಗಿದ ಹಾಗಾಯಿತು. ಆದರೆ ಜನ ನೋಡುತ್ತಿದ್ದದ್ದು ನನ್ನ ಕಡೆ.

ಈ ಚಿತ್ರದ ಜೀವ ಐದನೆಯ ರೀಲಿನಲ್ಲಿದೆ. ಅರಮನೆ. ಒಬ್ಬ ಹೆಂಗಸು ಅಳುತ್ತಾ ಅಳುತ್ತಾ ಮಗುವಿಗೆ ಬಟ್ಟಲಲ್ಲಿ ಹಾಲು ಕುಡಿಸುತ್ತಾಳೆ. ಮಗು ಸಾಯುತ್ತದೆ. ಆಮೇಲೆ ಒಡವೆ ಹೇರಿಕೊಂಡ ಇನ್ನೊಬ್ಬಳು ಓಡಿಬಂದು ಮಗುವಿನ ಮೇಲೆ ಬಿದ್ದು ಗೋಳಾಡುತ್ತಾಳೆ. ನನಗೆ ಹಿಂದೂಸ್ತಾನಿ ಬಾರದು. ಬರಬೇಕಾಗಿಯೂ ಇಲ್ಲ, ಎಂಟು ವರ್ಷ ಮುಖ ನೋಡಿಯೇ ಕಥೆ ಹೇಳಿದವನು ನಾನು. ಹಾಲು ಕೊಟ್ಟವಳು ಹೆತ್ತ ತಾಯಿ, ಒಡವೆಯವಳು ಕಳ್ಳ ಅಳುವಿನ ಸವತಿ. “ಕುಡಿ ಕಂದಾ, ಎದೆ ಬತ್ತಿತು, ಕಣ್ಣು ಬತ್ತಿಲ್ಲ, ಎರಡನ್ನೂ ಸೇರಿಸಿ ತಂದಿದ್ದೇನೆ” ಎಂದೆ. ಅಡ್ಡ ಕಟ್ಟಿದ ಬಟ್ಟೆಯಾಚೆ ಹೆಂಗಸರ ಕಡೆಯಿಂದ ಗೋಳೋ ಎಂಬ ಸದ್ದೆದ್ದಿತು. ಒಡವೆಯವಳು ಬಂದಾಗ ಮುದುಕಿಯೊಬ್ಬಳು ಅವಳ ಮೇಲೆ ಎಲೆಯಡಿಕೆ ಉಗಿದಳು. ಪರದೆ ಒರೆಸಬೇಕಾಯಿತು.

ಆಟ ಮುಗಿದ ಮೇಲೆ ಖಲೀಲ ಬಂದ. “ಬಸವಲಿಂಗಣ್ಣ, ಐದನೇ ರೀಲು... ಅದು ಹಂಗಲ್ಲ ಕಣಣ್ಣ.”

“ನೀನು ತಿರುಪು ತಿರುಗ್ಸೋನು. ತಿರುಪು ನೋಡ್ಕೊ ಹೋಗು.”

“ಮಾತು ಬೇರೇನೇ ಐತೆ...”

“ಹೋಗಲೇ!”

ಹೋದ. ಹೊಟ್ಟೆಯುರಿ. ಬೇರೇನಿಲ್ಲ.

ಪಾವಗಡ, ೩೦ ಜನವರಿ, ಶನಿವಾರ

ಬಿಸಿಲು, ಬಂಡೆ, ತೆಲುಗು. ಇಲ್ಲಿ ನಾನು ಅರ್ಧ ತೆಲುಗಿನಲ್ಲಿ ಹೇಳುತ್ತೇನೆ. ಹಾಲಿನ ಬಟ್ಟಲು ಬಂದಾಗ ಹೂ ಮಾರುವ ಕೆಂಚಮ್ಮ “ಅಯ್ಯೋ ಬಿಡ್ಡಾ, ತಾಗೊದ್ದುರಾ!” ಎಂದು ಎದ್ದು ನಿಂತಳು. ಕುಡಿಯಬೇಡ ಎಂದಳು. ಯಾಕೆ ಹಾಗೆಂದಳೋ! ತಾಯಿ ಕೊಟ್ಟ ಹಾಲು ಕುಡಿಯಬೇಡ ಎನ್ನುವ ಹುಚ್ಚಿ. ಆದರೂ ಎದ್ದು ನಿಂತಳಲ್ಲ, ಅದು ಲೆಕ್ಕಕ್ಕೆ.

ಖಲೀಲ ಆ ಜಾಗದಲ್ಲೇ ಬೇಕೆಂದು ಸದ್ದು ಏರಿಸುತ್ತಾನೆ. ಎಂಜಿನ್ನಿನ ಬಳಿ ಹಿಡಿದುಕೊಂಡು ಕೇಳಿದೆ.

“ಯಾಕ್ಲಾ ನನ್ ಮಾತು ಮುಚ್ತೀಯ?”

“ಆ ಹೆಂಗಸು ಏನಂತಾಳೆ ಅಂತ ಜನ ಕೇಳ್ಲಿ ಅಂತ.”

“ಜನಕ್ಕೆ ತಿಳಿಯಲ್ಲ.”

“ನಿಮಗೂ ತಿಳಿಯಲ್ಲ ಜನಾಬ್, ಅದಕ್ಕೇ ಹೇಳ್ದೆ.”

ಕಾಲರು ಹಿಡಿದು ದಬ್ಬಿದೆ. ಇಸ್ತ್ರಿ ಕೆಟ್ಟಿತು. ಇವತ್ತಿನ ಮಟ್ಟಿಗೆ ಅದೇ ಲಾಭ.

೫ ಫೆಬ್ರವರಿ, ಶುಕ್ರವಾರ

ಮಧುಗಿರಿ ಕಡೆಯ ಗಾಡಿಯವನ ಕೈಲಿ ಅಕ್ಕ ಹೇಳಿಕಳಿಸಿದ್ದಾಳೆ, ಟೆಂಟು ಯಾವಾಗ ಬರುತ್ತದೆ ಎಂದು. ಶಿವರುದ್ರಮ್ಮ ನನ್ನನ್ನು ಸಾಕಿದವಳು, ಅವ್ವನಿಗಿಂತ ಹೆಚ್ಚು. ಜ್ವರದ ವರ್ಷ, ಊರೂರೇ ಸತ್ತ ಆ ಹದಿನೆಂಟರಲ್ಲಿ, ಅವಳ ಮಗಳು ಹೋಯಿತು. ಸರದಿಯಲ್ಲಿ ಹೆಣ ಹೊತ್ತ ಕಾಲ, ಯಾರು ಯಾರಿಗೆ ಅಳುವುದು? ಅಳಲಿಲ್ಲ. ವರ್ಷಕ್ಕೊಂದು ಸಲ ನನ್ನ ಟೆಂಟಿಗೆ ಬಂದು ಹೆಂಗಸರ ಕಡೆ ಕಂಬಕ್ಕೊರಗಿ ಕುಳಿತು ಯಾವುದಾದರೂ ತಾಯಿಯ ಕಥೆಗೆ ಅತ್ತು ಹೋಗುತ್ತಾಳೆ. “ಮನೇಲಿ ಅತ್ರೆ ಯಾಕೆ ಅಂತಾರೆ ಕಣ್ಲಾ. ಇಲ್ಲಿ ಯಾರೂ ಕೇಳಕಿಲ್ಲ” ಎಂದಿದ್ದಳು ಒಮ್ಮೆ.

ಈ ವರ್ಷ ಅವಳಿಗೆ ಐದನೆಯ ರೀಲು ಇದೆ. ಬರಲಿ.

ಇದನ್ನು ಗಾಡಿಯವನಿಗೆ ಹೇಳುತ್ತಿದ್ದಾಗ ಖಲೀಲ ಪಕ್ಕದಲ್ಲೇ ತಂತಿ ಸುತ್ತುತ್ತಿದ್ದ. ಕೇಳದೆ ಇದ್ದರೂ ಬಾಯಿ ಹಾಕಿದ. “ನಮ್ಮ ಅಮ್ಮೀನೂ ಹಂಗೇ. ನಜ್ಮುನ್ನೀಸಾ ಅಂತ. ಶಿರಾಕ್ಕೆ ನಿಮ್ಮ ಮೂಕಿ ಬಂದ್ರೆ ಬುರ್ಖಾ ಹಾಕ್ಕೊಂಡು ಬರೋಳು. ಅರ್ಧ ಕನ್ನಡ ತಿಳೀತಿರ್ಲಿಲ್ಲ. ನಿಮ್ಮ ಆವಾಜ್ ಕೇಳಿ ಅಳೋಳು.”

“ಈಗ?”

“ಈಗ ಇಲ್ಲ.”

ನನ್ನನ್ನು ಮೆತ್ತಗೆ ಮಾಡಿಕೊಳ್ಳುವ ಉಪಾಯ. ಮಂಡಿಯಲ್ಲಿ ಇಂಥವರನ್ನು ನೂರು ನೋಡಿದ್ದೇನೆ. ಚೌಕಾಸಿಗೆ ಮೊದಲು ಮನೆಯವರ ಕ್ಷೇಮ ಕೇಳುತ್ತಾರೆ.

ಶಿರಾ, ೨೩ ಫೆಬ್ರವರಿ, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಬಕ್ರೀದಿನ ಮರುದಿನ. ಟೆಂಟು ಹೊಟ್ಟೆ ಬಿರಿಯುವ ಹಾಗೆ ತುಂಬಿತ್ತು. ಅತ್ತರು, ಹೊಸ ಬಟ್ಟೆ. ಸಾಹುಕಾರರು ತಾವೇ ಮುಂದೆ ಕುರ್ಚಿ ಹಾಕಿಸಿ ಕುಳಿತಿದ್ದರು. ಮೊದಲ ರೀಲಿನಿಂದಲೇ ಎಲ್ಲೋ ಕಿಸಕ್ ಎನ್ನುತ್ತಿತ್ತು. ಹಬ್ಬದ ಉಲ್ಲಾಸ ಅಂದುಕೊಂಡೆ. ಐದನೆಯ ರೀಲು ಬಂತು. ಹಾಲಿನ ಬಟ್ಟಲು ಬಂತು. ನಾನು ಗಂಟಲು ಇಳಿಸಿ, “ಕುಡಿ ಕಂದಾ, ಹೆತ್ತ ಕರುಳು ಕೊಡುತ್ತಿದ್ದೇನೆ” ಎಂದೆ.

ಹೆಂಗಸರ ಕಡೆಯ ಪರದೆಯ ಹಿಂದಿನಿಂದ ಒಂದು ಗಂಟೆಯಂಥ ಧ್ವನಿ: “ಅರೇ ವೋ ಮಾ ನೈ ರೇ ಮುಂಡೇ! ದಾಯಿ ಹೈ! ಜಹರ್ ದೇರೀ!”

ಟೆಂಟು ಹಾರಿಹೋಗುವ ಹಾಗೆ ನಕ್ಕಿತು.

ಆ ಧ್ವನಿ ಬಳೆ ಅಂಗಡಿಯ ಜಮೀಲಾಳದಂತೆ. ಶಿರಾದಲ್ಲಿ ಅರ್ಧ ಊರಿಗೆ ಉರ್ದು ಮನೆಮಾತು. ಪೆಟ್ಟಿಗೆ ಹೇಳುವುದೆಲ್ಲ ಅವರಿಗೆ ತಿಳಿಯುತ್ತದೆ. ಇದು ನನಗೆ ಹೊಳೆಯಲಿಲ್ಲವಲ್ಲ! ಮೂಕಿಯ ಕಾಲದಲ್ಲಿ ಇದೇ ಜನ ನನ್ನ ಬಾಯಿ ನೋಡಿಕೊಂಡು ಕುಳಿತಿರುತ್ತಿದ್ದರು.

ಅವಳು ಕೂಗಿದ್ದರ ಅರ್ಥ ಆಮೇಲೆ ತಿಳಿಯಿತು: ಹಾಲು ಕೊಟ್ಟವಳು ತಾಯಿಯಲ್ಲ, ದಾದಿ. ಹಾಲಿನಲ್ಲಿ ವಿಷ. ಒಡವೆಯವಳೇ ಹೆತ್ತ ತಾಯಿ. ನಾನು ಕೊಲೆಗಾತಿಗೆ ತಾಯ್ತನ ಕೊಟ್ಟು, ತಾಯಿಯ ಮೇಲೆ ಎರಡು ಊರಿನ ಎಲೆಯಡಿಕೆ ಉಗಿಸಿದ್ದೆ.

ಬಾಯಿ ಮುಚ್ಚಲಾಗಲಿಲ್ಲ. ಮುಚ್ಚಿದರೆ ಮಣೆ ಹೋಯಿತು. ಆ ಒಡವೆಯವಳು ಬಿದ್ದು ಅಳುವಾಗ ಏನು ಹೇಳಲೂ ತೋಚದೆ, “ನೋಡಿ ಸ್ವಾಮಿ, ಹಾಲು ಚೆಲ್ಲಿತು ಅಂತ ಅಳ್ತಾವಳೆ” ಎಂದುಬಿಟ್ಟೆ. ನಕ್ಕು ನಕ್ಕು ಗಂಡಸರು ಟೋಪಿ ಮೇಲೆಸೆದರು.

ಖಲೀಲ ನಗಲಿಲ್ಲ. ಅದೇ ಹೆಚ್ಚು ಉರಿಸಿತು. ಎಲ್ಲಾ ಗೊತ್ತಿದ್ದು ನನ್ನನ್ನು ತನ್ನ ಊರಿನ ತನಕ ಮೆರವಣಿಗೆಯಲ್ಲಿ ತಂದು ತಿಪ್ಪೆಗೆ ತಳ್ಳಿದ. ಹೇಳಲು ಬಂದಿದ್ದನಂತೆ! ಗಟ್ಟಿಯಾಗಿ ಹೇಳಬೇಕಿತ್ತು.

೨೪ ಫೆಬ್ರವರಿ

ಗಂಟಲು ನೋವು ಎಂದು ಮಲಗಿದ್ದೆ. ಗಂಟಲು ಚೆನ್ನಾಗಿದೆ.

೨೬ ಫೆಬ್ರವರಿ, ಶುಕ್ರವಾರ

ಸಾಹುಕಾರರು ಕರೆಸಿದರು. ಗಂಟು ಕಟ್ಟಿಕೊಂಡೇ ಹೋದೆ.

“ಎಲ್ಲಿಗ್ಲಾ ಹೊರಟೆ? ಜನ ಬಾಗ್ಲಲ್ಲಿ ಏನ್ ಕೇಳ್ತಾವ್ರೆ ಗೊತ್ತಾ? ಆ ಸುಳ್ಳು ಹೇಳೋ ಅಣ್ಣ ಇವತ್ತವ್ನಾ ಅಂತ! ಜಮೀಲಾ ಬೀದಿಯೋರ್ನೆಲ್ಲಾ ಕಟ್ಕೊಂಡ್ ಬಂದವ್ಳೆ. ಹಂಗೇ ಹೇಳು. ಇನ್ನೊಂದ್ ಚೂರು ಜಾಸ್ತೀನೇ ಹೇಳು.”

“ತಪ್ಪು ಹೇಳಿ ಅಂತೀರಾ ಬುದ್ಧಿ?”

“ನಗ್ಸು ಅಂತೀನಿ. ಅಳೋದಕ್ಕೆ ಮನೆ ಐತೆ.”

ಸಂಜೆ ಹೇಳಿದೆ. ವಿಷ ಕೊಡುವವಳಿಗೆ “ಬೆಲ್ಲ ಸಾಲದು ಕಣವ್ವಾ” ಎಂದೆ. ಸತ್ತ ಮಗುವಿಗೆ “ಎದ್ದೇಳೋ, ಟಿಕೀಟು ತಗೊಂಡಿದ್ದೀಯ” ಎಂದೆ. ಒಂದೊಂದು ಮಾತಿಗೂ ಮರಳು ಹಾರುವ ಹಾಗೆ ತೊಡೆ ಬಡಿದುಕೊಂಡರು. ನೆಟ್ಟಗೆ ನೋಡಿದರೆ ಇದು ಸುಲಭದ ಕಸುಬು. ಅಳಿಸಲು ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕೆಂದು ತಿಳಿದಿರಬೇಕು. ನಗಿಸಲು ಬಾಯಿ ಸಾಕು. ಇಷ್ಟು ವರ್ಷ ಯಾಕೆ ಒದ್ದಾಡಿದೆನೋ.

ಖಲೀಲ ಈಗ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಒಳ್ಳೆಯದು. ಇವತ್ತು ಇಷ್ಟೇ ಅಂದ: “ನನ್ನ ಪೆಟ್ಟಿಗೆ ನಿಮ್ಮ ಬಾಯಿ ಕಸಿದ್ರೆ ನ್ಯಾಯ ಇತ್ತು. ನೀವೇ ಕೊಟ್ಬುಟ್ರಿ.”

“ಮಣೆ ನಂದೇ ಐತಲ್ಲ?” ಎಂದೆ. ತಂತಿ ಸುತ್ತಿಕೊಂಡು ಹೋದ. ಗೆದ್ದವನು ನಾನು.

ಮಧುಗಿರಿ, ೧೦ ಮಾರ್ಚ್, ಬುಧವಾರ

ಊರಿಗೆ ಬಂದೆ. ಬೆಟ್ಟದ ಕೆಳಗೆ ಟೆಂಟು ಹಾಕಿದ್ದೇವೆ. ಸಾಹುಕಾರರು ಕೆಂಪು ಕಾಗದದ ನೋಟೀಸು ಹಂಚಿಸಿದ್ದಾರೆ. ಶಿರಾ ಪಟ್ಟಣವನ್ನು ಎರಡು ವಾರ ನಗಿಸಿದ ಹಾಸ್ಯ ಚಕ್ರವರ್ತಿ ಬಸವಲಿಂಗಯ್ಯನವರಂತೆ. ಚಿತ್ರದ ತಾರೆಯರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು. ಮಂಡಿಯ ಗೋಡೆಯ ಮೇಲೂ ಒಂದು ಅಂಟಿಸಿದ್ದಾರೆ. ಹೋಗಿ ನೋಡಿ ಬಂದೆ, ಎರಡು ಸಲ.

ಅಕ್ಕ ಬಂದಿದ್ದಳು. ಅವಳಿಗೆ ಓದು ಬಾರದು.

“ಯಾವತ್ ಬರ್ಲಿ ಕಣ್ಲಾ?”

“ಶನಿವಾರ ಬಾ.”

“ತಾಯಿ ಐತಾ ಅದ್ರಲ್ಲಿ?”

“ಐತೆ” ಎಂದೆ. ಇದೆಯಲ್ಲ!

ಖಲೀಲ ಅಲ್ಲೇ ಗೂಟ ಹೊಡೆಯುತ್ತಿದ್ದವನು ತಲೆ ಎತ್ತಿ ಅವಳನ್ನು ನೋಡಿದ. ಸಲಾಂ ಮಾಡಿದ. ಅವಳೂ ಕೈಮುಗಿದಳು. ಇವನ ಪರಿಚಯ ಇವಳಿಗೇಕೆ?

೧೩ ಮಾರ್ಚ್, ಶನಿವಾರ

ಟೆಂಟಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮಂಡಿಯ ಹಳೆಯ ಗೆಳೆಯರು, ದಲ್ಲಾಳಿಗಳು, ಎಲ್ಲರೂ. ಅಕ್ಕ ತನ್ನ ಕಂಬದ ಹತ್ತಿರ ಕುಳಿತಿದ್ದಳು. ಹೆಂಗಸರ ಕಡೆಯ ಪರದೆಯ ಸಂದಿಯಲ್ಲಿ ಕಂಡೆ. ಸೆರಗಿನ ತುದಿ ಕೈಯಲ್ಲಿ ಹಿಡಿದು ತಯಾರಾಗಿ ಕುಳಿತಿದ್ದಳು.

ನಾಲ್ಕು ರೀಲು ನಗಿಸಿದೆ. ಐದನೆಯದರಲ್ಲಿ ಒಂದು ಅಡ್ಡಿ ಆಯಿತು. ದಾದಿ ಬಟ್ಟಲು ಎತ್ತಿದಳು, ಅಷ್ಟರಲ್ಲಿ ಪೆಟ್ಟಿಗೆಯ ಸದ್ದು ಪೂರಾ ನಿಂತಿತು. ಎಂಜಿನ್ನು ದೂರದಲ್ಲಿ ಗುಡುಗುಡು ಎನ್ನುತ್ತಿದೆ, ಬೆಳಕು ಓಡುತ್ತಿದೆ, ಬೊಂಬೆಗಳು ಬಾಯಿ ಆಡಿಸುತ್ತಿವೆ, ಸದ್ದಿಲ್ಲ. ಮೂಕಿಯ ಹಾಗೆಯೇ. ಇಡೀ ಟೆಂಟು ತಣ್ಣಗಾಯಿತು. ಜನ ಪರದೆ ಬಿಟ್ಟು ನನ್ನ ಕಡೆ ತಿರುಗಿದರು. ಮಗು ಹಾಲು ಕುಡಿಯಿತು. ತಾಯಿ ಓಡಿಬಂದಳು, ಮಗುವನ್ನು ಎದೆಗೆ ಅವುಚಿಕೊಂಡಳು. ಯಾರೂ ಕೆಮ್ಮಲೂ ಇಲ್ಲ. ಎಂಟು ವರ್ಷದಲ್ಲಿ ಅಂಥ ಮೌನ ನನಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೂ ಈ ನಡುವೆ ಅಲ್ಲ.

ಬಾಯಿ ತೆರೆದೆ. ತುತ್ತೂರಿ ಇಳಿಸಿ ಮತ್ತೆ ಎತ್ತಿದೆ. ಆಮೇಲೆ ಬಂತು: “ಎದ್ದೇಳೋ ಮಗಾ, ಟಿಕೀಟು ತಗೊಂಡಿದ್ದೀಯ!”

ನಕ್ಕರು. ಮಧುಗಿರಿ ಶಿರಾಕ್ಕಿಂತ ಜೋರಾಗಿ ನಕ್ಕಿತು. ಪೆಟ್ಟಿಗೆ ಕೆಟ್ಟಾಗ ಆಟ ಉಳಿಸಿದ್ದು ನಾನು. ಸಾಹುಕಾರರು ಎಲ್ಲರೆದುರು ಬೆನ್ನು ತಟ್ಟಿ, ಬರುವ ವರ್ಷಕ್ಕೂ ಮಣೆ ನಿನ್ನದೇ ಎಂದರು.

ಅಕ್ಕ ಮಧ್ಯದಲ್ಲೇ ಎದ್ದುಹೋಗಿದ್ದಳು. ಹಸು ಕರೆಯುವ ಹೊತ್ತು ಇರಬೇಕು.

೧೪ ಮಾರ್ಚ್, ಭಾನುವಾರ

ಖಲೀಲ ಕೆಲಸ ಬಿಟ್ಟ. ತಿರುಪುಳಿ ಪೆಟ್ಟಿಗೆಯೊಂದನ್ನೇ ಕೈಲಿ ಹಿಡಿದು ಬಸ್ಸಿಗೆ ನಿಂತಿದ್ದ. ಬೀಳ್ಕೊಡಲು ಹೋಗಲಿಲ್ಲ, ಬೈಯಲು ಹೋದೆ.

“ನಿನ್ ಪೆಟ್ಟಿಗೆ ಕೆಟ್ಟು ನನ್ ಮಾನ ಹೋಗ್ತಿತ್ತಲ್ಲಲೇ.”

“ಪೆಟ್ಟಿಗೆ ಕೆಟ್ಟಿರ್ಲಿಲ್ಲ.”

“ಮತ್ತೆ?”

“ನಾನೇ ಆರಿಸ್ದೆ. ನಿಮ್ಮಕ್ಕ ಕೂತಿದ್ರಲ್ಲ. ನೀವು ಮಾತಾಡ್ಲಿ ಅಂತ ಬಿಟ್ಟುಕೊಟ್ಟೆ.” ಕಾಲರು ಸರಿ ಮಾಡಿಕೊಂಡ. “ನಮ್ಮ ಅಮ್ಮೀಗೆ ಮಾತಾಡ್ತಿದ್ರಲ್ಲ, ಹಂಗೆ ಅಂತ.”

ಸುಳ್ಳ. ಕೆಟ್ಟ ಮಿಷನ್ನಿಗೆ ಪುಣ್ಯದ ಬಣ್ಣ ಬಳಿಯುತ್ತಾನೆ. ಮಾತಿನ ವ್ಯಾಪಾರದಲ್ಲಿ ನನಗೇ ಮಾರಲು ಬಂದ. ಹಾಗೆಂದು ಮುಖಕ್ಕೇ ಹೇಳಿದೆ. ಬಸ್ಸು ಹತ್ತಿದ. ಶತ್ರು ತೊಲಗಿದ. ಹೊಸ ತಿರುಪಿನವನು ಮಂಗಳವಾರ ಬರುತ್ತಾನಂತೆ, ನನ್ನ ಮಾತು ಕೇಳುವವನಂತೆ.

ಮಧ್ಯಾಹ್ನ ಖಾಲಿ ಟೆಂಟಿನಲ್ಲಿ ಮಣೆಯ ಮೇಲೆ ನಿಂತು ಹಳೆಯ ಮಾತು ಹೇಳಿ ನೋಡಿದೆ, ಗಂಟಲು ಸರಿಯಿದೆಯೇ ಎಂದು, ಬೇರೆ ಯಾವುದಕ್ಕೂ ಅಲ್ಲ. “ಕುಡಿ ಕಂದಾ, ಎದೆ ಬತ್ತಿತು...” ಎಂಬಲ್ಲಿಗೆ ನಿಂತುಹೋಯಿತು. ಮುಂದೆ ಏನಿತ್ತೋ. ಬೇಕಾದಾಗ ಬರುತ್ತದೆ.

೧೬ ಮಾರ್ಚ್, ಮಂಗಳವಾರ

ಅಕ್ಕನ ಮನೆಗೆ ಹೋಗಿದ್ದೆ. ಜಗುಲಿಯ ಮೇಲೆ ಮೊರ ಹಿಡಿದು ಕುಳಿತಿದ್ದಳು.

“ಯಾಕಕ್ಕಾ ಮಧ್ಯದಲ್ಲೇ ಎದ್ಬುಟ್ಟೆ?”

ಕೈ ನಿಲ್ಲಿಸಲಿಲ್ಲ. “ಚೆನ್ನಾಗಿತ್ತು ಕಣ್ಲಾ. ಎಲ್ರೂ ನಕ್ರು.”

“ನಿಂಗೆ?”

“ನಾನೂ ನಕ್ಬುಟ್ಟೆ.” ಮೊರ ನಿಂತಿತು. “ಆ ಕೂಸು ಸತ್ತು ಬಿದ್ದಿತ್ತು. ಅವ್ವ ಎತ್ಕೊಂಡಿದ್ಲು. ಪಕ್ಕದೋಳು ನಕ್ಲು, ನಾನೂ ನಕ್ಬುಟ್ಟೆ ಕಣ್ಲಾ. ನನ್ ಬಾಯಿಂದ್ಲೇ ಬಂತು.”

ಮತ್ತೆ ಕೇರತೊಡಗಿದಳು.

ಅಂದರೆ ಅಕ್ಕನನ್ನೂ ನಗಿಸಿದೆ. ಹತ್ತೊಂಬತ್ತು ವರ್ಷದಿಂದ ನಗದವಳು. ಇದನ್ನು ಸಾಹುಕಾರರಿಗೆ ಹೇಳಬೇಕು, ನೋಟೀಸಿಗೆ ಹಾಕಬಹುದು. ಹಾಗೆ ಅಂದುಕೊಂಡು ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಹುರುಳಿ ಸಾರಿನ ವಾಸನೆ ಬರುತ್ತಿತ್ತು. ತಟ್ಟೆ ಹಾಕುವ ಸದ್ದೂ ಕೇಳಿತು.

ಏಳು, ಉಣ್ಣು ಬಾ ಎನ್ನಲಿಲ್ಲ. ನಾನು ಹೋಗಿದ್ದೇನೆಂದುಕೊಂಡಿರಬೇಕು.